ನಾಲಿಗೆಯ ನಲವತ್ತಮೂರು ಫೋಟೊ

ನನ್ನ ಹಳೆಯ ಫೋನಿನಲ್ಲಿ ನಮ್ಮ ಅತ್ತೆಯ ನಾಲಿಗೆಯ ನಲವತ್ತಮೂರು ಫೋಟೊಗಳಿವೆ. ಅವರು ನಮ್ಮ ಜೊತೆ ಇದ್ದ ಆರು ತಿಂಗಳಲ್ಲಿ ಅವರ ಮುಖ ಪೂರ್ತಿ ಕಾಣುವಂತೆ ನಾನು ತೆಗೆದ ಫೋಟೊಗಳು ಹನ್ನೊಂದು. ಎಣಿಸಿ ನೋಡಿದ್ದೇನೆ.

ನಾನು ದಿನಚರಿ ಬರೆಯುವವಳು. ನೆನಪನ್ನು ನಂಬುವುದಿಲ್ಲ. ನನ್ನ ನೆನಪು ಯಾವಾಗಲೂ ನನ್ನ ಕಡೆಯೇ ಸಾಕ್ಷಿ ಹೇಳುತ್ತದೆ. ಹಾಗೆ ಒಬ್ಬರ ಕಡೆಗೇ ವಾಲುವ ಸಾಕ್ಷಿಯನ್ನು ಅನುಮಾನಿಸಬೇಕು ಅನ್ನುವಷ್ಟು ಓದು ನನಗಾಗಿದೆ. ದಿನಚರಿ ಅದಕ್ಕಿಂತ ಪ್ರಾಮಾಣಿಕ ಎಂದೇನಲ್ಲ, ಆದರೆ ಒಮ್ಮೆ ಹೇಳಿದ ಸುಳ್ಳನ್ನು ಅದು ಆಮೇಲೆ ಬದಲಿಸುವುದಿಲ್ಲ. ಈಗ ಬರೆಯುತ್ತಿರುವುದು ಎರಡನ್ನೂ ಪಕ್ಕದಲ್ಲಿಟ್ಟುಕೊಂಡು. ಫೋಟೊಗಳು ಮೂರನೆಯ ಸಾಕ್ಷಿ.

ಅತ್ತೆ ಮೈಸೂರಿನಿಂದ ಕ್ರೈಸ್ಟ್‌ಚರ್ಚ್‌ಗೆ ಬಂದದ್ದು ಭೂಕಂಪವಾಗಿ ಮೂರು ವರ್ಷ ದಾಟಿದ ಮೇಲೆ, ಒಂದು ಸೆಪ್ಟೆಂಬರಿನಲ್ಲಿ. ನನ್ನ ಗಂಡ ಕಟ್ಟಡಗಳ ಎಂಜಿನಿಯರು. ಬಿದ್ದ ಊರನ್ನು ಎಬ್ಬಿಸುವ ಕೆಲಸ ಸಿಕ್ಕಿತೆಂದೇ ನಾವು ಇಲ್ಲಿಗೆ ಬಂದವರು. ನಾನು ನೀರು ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿದ್ದೆ. ಸುತ್ತಲ ಫಾರ್ಮುಗಳ ಬಾವಿಗಳಿಂದ ಬಾಟಲಿಯಲ್ಲಿ ಬರುವ ನೀರಿನಲ್ಲಿ ಏನೇನು ಕರಗಿದೆ ಎಂದು ಹೇಳುವುದು ನನ್ನ ಕೆಲಸ. ನೀರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಜಂಬ ಆ ಕೆಲಸದ ಜೊತೆಗೇ ಬಂದಿತ್ತು.

ಬಂದು ಹದಿನೈದು ದಿನವಾಗಿರಲಿಲ್ಲ, ಅತ್ತೆಯ ತುಟಿ ಒಡೆಯಿತು. ಬಾಯಿ ಒಣಗುತ್ತದೆ, ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ, ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದರು. ಅದು ಬೆಟ್ಟ ದಾಟಿ ಬರುವ ಒಣಗಾಳಿಯ ಕಾಲ. ಆ ಗಾಳಿ ಬೀಸಿದ ದಿನ ಹಗ್ಗದ ಮೇಲಿನ ಬಟ್ಟೆ ಅರ್ಧ ಗಂಟೆಯಲ್ಲಿ ಗರಿಗರಿಯಾಗುತ್ತದೆ, ಲ್ಯಾಬಿನಲ್ಲಿ ಎಲ್ಲರೂ ಸಿಡುಕುತ್ತಾರೆ. ಗಾಳಿ ಕಾರಣ, ಮನೆ ಬೆಚ್ಚಗಿಡುವ ಹೀಟ್ ಪಂಪ್ ಕಾರಣ, ನೀರು ಕುಡಿಯದಿರುವುದು ಕಾರಣ ಎಂದು ನಾನು ಮೂರು ಕಾರಣ ಹೇಳಿದೆ. ಇಲ್ಲಿಯ ನೀರಿಗೆ ರುಚಿಯೇ ಇಲ್ಲ ಎಂದು ಅವರು ಲೋಟವನ್ನು ಪಕ್ಕಕ್ಕಿಟ್ಟರು. ರುಚಿ ಇಲ್ಲದಿರುವುದೇ ಒಳ್ಳೆಯ ನೀರಿನ ಗುಣ ಎಂದು ನಾನು ವಿವರಿಸಿದೆ. ಅವರು ಕೇಳಿಸಿಕೊಂಡರು, ಕುಡಿಯಲಿಲ್ಲ.

ಡಾಕ್ಟರ ಬಳಿ ಕರೆದೊಯ್ದೆವು. ಇವರು ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದು ಡಾಕ್ಟರು ಕೇಳಿದ್ದಕ್ಕೆ ನನ್ನ ಗಂಡ ತನ್ನ ಫೋನಿನಲ್ಲಿ ಬರೆದಿಟ್ಟಿದ್ದ ಪಟ್ಟಿಯನ್ನು ಓದಿದ. ಅತ್ತೆ ಪಕ್ಕದಲ್ಲೇ ಕೂತು ಗೋಡೆಯ ಮೇಲಿನ ಕಿವಿಯ ಚಿತ್ರ ನೋಡುತ್ತಿದ್ದರು. ನೀರು ಹೆಚ್ಚು ಕುಡಿಯಲಿ ಎಂದು ಡಾಕ್ಟರು ಹೇಳಿದರು. ನಾನು ಗೆದ್ದವಳ ಹಾಗೆ ಅತ್ತೆಯ ಕಡೆ ನೋಡಿದೆ. ಹಾಗೆ ನೋಡಿದೆ ಎಂದು ದಿನಚರಿಯಲ್ಲಿಲ್ಲ. ಇದೊಂದು ನನ್ನ ವಿರುದ್ಧವಾಗಿ ನೆನಪೇ ಉಳಿಸಿಕೊಟ್ಟದ್ದು.

ನಮ್ಮ ಊರಿನ ಕನ್ನಡದವರ ಮನೆಗಳಿಗೆ ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮಂದಿರೆಲ್ಲ ಗುರುವಾರ ಬೆಳಗ್ಗೆ ಒಂದು ಕಮ್ಯುನಿಟಿ ಹಾಲಿನಲ್ಲಿ ಸೇರುತ್ತಿದ್ದರು. ಬಿರುಕು ಬಿಟ್ಟ ಗೋಡೆಗೆ ಕಬ್ಬಿಣದ ಊರುಗೋಲು ಕೊಟ್ಟು ನಿಲ್ಲಿಸಿದ್ದ ಹಾಲು. ಹನ್ನೊಂದು ಜನ. ಭಜನೆ, ಒಂದಿಷ್ಟು ಕೈಕಾಲು ಆಡಿಸುವುದು, ಬಿಸ್ಕತ್ತು. ಆ ವರ್ಷ ಅಲ್ಲಿಗೆ ಯಾರೋ ಒಬ್ಬ ಹೆಂಗಸನ್ನು ಕರೆಸಿದರು. ಚೀನೀ ವೈದ್ಯದ ಪ್ರಕಾರ ಒಣಗಿದ ದೇಹಕ್ಕೆ ತೇವವನ್ನೂ ಕಸುವನ್ನೂ ತರುವ ಊಟದ ಬಗ್ಗೆ ಆಕೆ ಎಂಟು ವಾರ ಹೇಳಿಕೊಡುತ್ತಾಳಂತೆ.

ಆಕೆ ಚೀನಾದವಳಲ್ಲ. ಇಲ್ಲಿಯವಳೇ, ಬಿಳಿ ಹೆಂಗಸು, ಐವತ್ತರ ಆಸುಪಾಸು. ಗೋಧಿಹಿಟ್ಟಿನ ಬಣ್ಣದ, ಇಸ್ತ್ರಿ ಕಾಣದ ದೊಗಲೆ ಅಂಗಿ, ಕೊರಳಲ್ಲಿ ಒಂದು ಹಸಿರು ಕಲ್ಲು. ಪಾಠ ಶುರುಮಾಡುವ ಮುಂಚೆ ಒಂದು ಕಂಚಿನ ಬಟ್ಟಲನ್ನು ಮರದ ಕೋಲಿನಿಂದ ತಟ್ಟಿ, ಅದರ ನಾದ ಪೂರ್ತಿ ಅಡಗುವವರೆಗೂ ಕಣ್ಣು ಮುಚ್ಚಿಕೊಂಡಿರುವಳು. ಮನೆಯಲ್ಲಿ ಮೂರು ಹೊತ್ತು ಗಂಟೆ ಬಾರಿಸಿ ಬೆಳೆದ ನಮ್ಮ ಹಿರಿಯರು ಅದನ್ನು ಕಂಡು ಬೆರಗಾದರು. ಚೀನಾದಲ್ಲಿ ಕಲಿತು ಬಂದವಳು ಎಂದು ಪರಿಚಯ ಮಾಡಿಕೊಟ್ಟರು. ದಿನಚರಿಯಲ್ಲಿ ‘ಎರಡು ವಾರ ಟೂರು ಹೋಗಿ ಬಂದಿರಬೇಕು’ ಎಂದು ಬರೆದಿದ್ದೇನೆ. ಅದು ನನಗೆ ಯಾರೂ ಹೇಳಿದ್ದಲ್ಲ.

ಆಕೆಯ ಸಿದ್ಧಾಂತ ಹೀಗೆ. ಬರಿಯ ನೀರು ಕುಡಿದರೆ ಒಣನೆಲದ ಮೇಲೆ ಸುರಿದ ಹಾಗೆ ಹರಿದುಹೋಗುತ್ತದೆ. ತಿಂದ ನೀರು ಮಾತ್ರ ಒಳಗೆ ನಿಲ್ಲುತ್ತದೆ. ಆದ್ದರಿಂದ ಬೆಳಗ್ಗೆ ತೆಳ್ಳಗಿನ ಅಕ್ಕಿಗಂಜಿ, ಮಧ್ಯಾಹ್ನ ಹೆಸರುಕಾಳು, ಬೂದುಗುಂಬಳ, ಬಸಲೆಯಂಥ ಲೋಳೆಯ ಸೊಪ್ಪು, ರಾತ್ರಿ ಮರಸೇಬನ್ನು ಕಲ್ಲುಸಕ್ಕರೆ ಹಾಕಿ ಬೇಯಿಸಿದ್ದು. ನೀರು ಬೆಚ್ಚಗಿರಬೇಕು, ಗುಟುಕು ಗುಟುಕಾಗಿ ಇಳಿಯಬೇಕು. ಖಾರ, ಮೆಣಸು, ಶುಂಠಿ, ಕರಿದದ್ದು, ಹುರಿದದ್ದು, ಕಾಫಿ ಇವೆಲ್ಲ ಒಳಗಿನ ಇಬ್ಬನಿಯನ್ನು ಸುಡುತ್ತವೆ.

ಉಷ್ಣ, ತಂಪು ಎಂಬುದನ್ನು ಹುಟ್ಟಿದಾಗಿನಿಂದ ಕೇಳಿದ ಹನ್ನೊಂದು ಜನ ತಲೆದೂಗಿದರು. ಇದೆಲ್ಲ ನಮ್ಮದೇ ಎಂದರು. ನಮ್ಮದೇ ಆಗಿದ್ದಾಗ ಯಾರೂ ಪಾಲಿಸಲಿಲ್ಲ ಎಂಬುದನ್ನು ಯಾರೂ ಹೇಳಲಿಲ್ಲ. ಎಳ್ಳಿನ ವಿಷಯದಲ್ಲಿ ಮಾತ್ರ ಸ್ವಲ್ಪ ಗಲಿಬಿಲಿಯಾಯಿತು. ಕರಿ ಎಳ್ಳು ತೇವ ಕೊಡುತ್ತದೆ, ದಿನಾ ತಿನ್ನಿ ಎಂದು ಆಕೆ. ನಮ್ಮಲ್ಲಿ ಎಳ್ಳು ಉಷ್ಣ, ಅದೂ ಕರಿ ಎಳ್ಳು ಯಾವ ಕಾರ್ಯಕ್ಕೆ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಬಿಳಿ ಹೆಂಗಸಿಗೆ ಶ್ರಾದ್ಧ ಎಂದರೇನು ಎಂದು ವಿವರಿಸುವ ಧೈರ್ಯ ಯಾರಿಗೂ ಬರಲಿಲ್ಲ. ಎಲ್ಲರೂ ಹೂಂ ಅಂದು ಎಳ್ಳನ್ನು ಮೆಲ್ಲಗೆ ಕೈಬಿಟ್ಟರು.

ಆಕೆ ಎರಡು ಪುಟದ ಇಂಗ್ಲಿಷ್ ಸೂಚನೆ ಕೊಟ್ಟಿದ್ದಳು. ಓದಿದವಳು, ಕನ್ನಡ ಟೈಪು ಮಾಡಲು ಬರುತ್ತದೆ ಎಂದು ಅದನ್ನು ಕನ್ನಡಕ್ಕೆ ಮಾಡಿಕೊಡುವ ಕೆಲಸ ನನ್ನ ಕೊರಳಿಗೆ ಬಿತ್ತು. ಲ್ಯಾಬಿನಲ್ಲಿ ಊಟದ ಬಿಡುವಿನಲ್ಲಿ ಕೂತು ಮಾಡಿದೆ, ಪ್ರತಿ ಸಾಲಿಗೂ ಮೂಗು ಮುರಿಯುತ್ತ. ಬಾತುಕೋಳಿಯ ಸೂಪು, ಹಂದಿಯ ಚರ್ಮದ ಸೂಪು ನಮ್ಮವರಿಗೆ ಬೇಡವೆಂದು ಬಿಟ್ಟೆ. ಅಷ್ಟನ್ನು ಬಿಟ್ಟದ್ದು ನನಗೆ ಚೆನ್ನಾಗಿ ನೆನಪಿದೆ.

ಎರಡನೆಯ ಗುರುವಾರ ಆಕೆ ಒಬ್ಬೊಬ್ಬರ ಎರಡೂ ಮಣಿಕಟ್ಟುಗಳನ್ನು ಹಿಡಿದು ನಾಡಿ ನೋಡಿದಳು, ನಾಲಿಗೆ ಚಾಚಲು ಹೇಳಿ ಕಿಟಕಿಯ ಬೆಳಕಿನಲ್ಲಿ ಪರೀಕ್ಷಿಸಿದಳು. ನಿವೃತ್ತ ಹೆಡ್‌ಮಾಸ್ಟರ್ ಅಂಕಲ್ ಒಬ್ಬರು ದುಭಾಷಿ. ನಾನು ಅತ್ತೆಯನ್ನು ಬಿಟ್ಟು ಕೆಲಸಕ್ಕೆ ಹೋಗಿದ್ದೆ. ನಡೆದದ್ದನ್ನು ಸಂಜೆ ಅತ್ತೆಯೇ ಹೇಳಿದರು. ಹನ್ನೊಂದು ಜನರ ನಾಲಿಗೆಯೂ ಕೆಂಪಗೆ, ಬೋಳಾಗಿ, ಮೇಲೆ ಏನೂ ಇಲ್ಲದೆ ಹೊಳೆಯುತ್ತಿತ್ತಂತೆ. ಹಾಗಿದ್ದರೆ ಒಳಗಿನ ತೇವ ಬತ್ತಿದೆ ಎಂದು ಅರ್ಥವಂತೆ. ಒಂದೇ ಊರಿನ ಕಡೆಯ ಇಷ್ಟೊಂದು ಜನ ಇಷ್ಟು ಒಣಗಿರುವುದನ್ನು ತಾನು ಕಂಡೇ ಇಲ್ಲ ಎಂದಳಂತೆ. ಅದನ್ನು ಹೇಳುವಾಗ ಅತ್ತೆಯ ದನಿಯಲ್ಲಿ ಒಂದು ಬಗೆಯ ಹೆಮ್ಮೆ ಇತ್ತು. ತಮ್ಮದೇ ಎಲ್ಲರಿಗಿಂತ ಹೆಚ್ಚು ಒಣಗಿರುವುದು ಎಂದು ಎರಡು ಸಲ ಹೇಳಿದರು.

ಮಾರನೆಯ ದಿನ ಮೈಸೂರಿನಿಂದ ತಂದ ಕಾಫಿ ಫಿಲ್ಟರು ಸೂಟ್‌ಕೇಸಿಗೆ ವಾಪಸು ಹೋಯಿತು. ಸಾರಿನಪುಡಿಯ ಡಬ್ಬಿಗೆ ರಬ್ಬರ್ ಬ್ಯಾಂಡು ಬಿತ್ತು. ನಾನು ಗಂಜಿ ಮಾಡಿಕೊಟ್ಟಿದ್ದರೆ ‘ನನ್ನನ್ನೇನು ರೋಗಿ ಮಾಡಿಟ್ಟಿದ್ದೀಯ’ ಎನ್ನುತ್ತಿದ್ದ ಹೆಂಗಸು ಈಗ ಅದೇ ಗಂಜಿಯನ್ನು ಚೀನೀ ಬಟ್ಟಲಲ್ಲಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕುಡಿಯತೊಡಗಿದರು. ಮರಸೇಬಿನ ಜೊತೆ ಬೇಯಿಸಲು ಬೆಳ್ಳಗಿನ, ಒಣಗಿದ ಹೂವಿನಂಥ ಒಂದು ಪದಾರ್ಥ ಬೇಕಿತ್ತು. ನೀರಲ್ಲಿ ನೆನೆಸಿದರೆ ಅರಳಿ, ಬೇಯಿಸಿದರೆ ಲೋಳೆಯಾಗುತ್ತದೆ. ಏಷ್ಯನ್ ಅಂಗಡಿಯಿಂದ ಪೊಟ್ಟಣ ತಂದೆ. ಅದು ಮರದ ಮೇಲೆ ಬೆಳೆಯುವ ಅಣಬೆ. ನಮ್ಮ ಅತ್ತೆ ಅಣಬೆಯನ್ನು ಮುಟ್ಟುವವರಲ್ಲ. ನಾನು ಒಮ್ಮೆ ಪಲಾವಿಗೆ ಹಾಕಿದ್ದಕ್ಕೆ ಆ ಪಾತ್ರೆಯನ್ನೇ ಬೇರೆ ಇಡಿಸಿದವರು. ‘ಇದೇನು?’ ಎಂದು ಕೇಳಿದರು. ‘ಮರದಲ್ಲಿ ಬಿಡುತ್ತೆ’ ಎಂದೆ. ಸುಳ್ಳಲ್ಲ. ಬೇಕಾದಾಗ ತೆಗೆದರಾಯಿತು ಎಂದು ಆ ನಿಜವನ್ನು ಒಂದು ಚಾಕುವಿನ ಹಾಗೆ ಎತ್ತಿಟ್ಟುಕೊಂಡೆ.

ಪಾಠದ ಹೆಂಗಸಿಗೆ ಪ್ರತಿದಿನ ಬೆಳಗ್ಗೆ ನಾಲಿಗೆಯ ಫೋಟೊ ಕಳಿಸಬೇಕಿತ್ತು. ಅತ್ತೆಯ ಫೋನಿನಲ್ಲಿ ಸರಿಯಾಗಿ ಬರುತ್ತಿರಲಿಲ್ಲ, ಆದ್ದರಿಂದ ತೆಗೆಯುವ ಕೆಲಸವೂ ನನ್ನದೇ. ಏಳೂವರೆಗೆ, ಅಡುಗೆಮನೆಯ ಕಿಟಕಿಯ ಪಕ್ಕ, ಸ್ನಾನ ಮುಗಿಸಿ ಕುಂಕುಮವಿಟ್ಟು ಬಂದು ನಿಂತು ಅವರು ನಾಲಿಗೆ ಚಾಚುವರು. ನನಗೆ ನಾಲಿಗೆ ಚಾಚಲು ಅವರಿಗೆ ಸಿಕ್ಕ ಮೊದಲ ನ್ಯಾಯವಾದ ಅವಕಾಶ ಅದು ಎಂದು ಗಂಡನಿಗೆ ಹೇಳಿದೆ. ಅವನು ನಗಲಿಲ್ಲ.

ಆಕೆಯ ಉತ್ತರ ಹನ್ನೊಂದು ಗಂಟೆಯೊಳಗೆ ಬರುತ್ತಿತ್ತು. ಇನ್ನೂ ಬೋಳಾಗಿದೆ, ಮುಂದುವರಿಸಿ. ಇನ್ನೂ ಕೆಂಪಿದೆ, ಈರುಳ್ಳಿ ಬಿಡಿ. ಬಿಡಲು ಅತ್ತೆ ಈರುಳ್ಳಿಯನ್ನು ಹಿಡಿದವರೇ ಅಲ್ಲ, ಆದರೂ ಅದನ್ನು ಬಿಟ್ಟ ತೃಪ್ತಿಯನ್ನೂ ಅನುಭವಿಸಿದರು. ಒಗ್ಗರಣೆ ಹೋಯಿತು. ಹಪ್ಪಳ ಹೋಯಿತು. ಉಪ್ಪಿನಕಾಯಿ ಹೋಯಿತು.

ಒಂದು ತಿಂಗಳಿಗೆ ಅತ್ತೆ ಎದ್ದು ಕಾಣುವಂತೆ ಇಳಿದಿದ್ದರು. ರವಿಕೆಯ ತೋಳು ಜೋಲಾಡುತ್ತಿತ್ತು. ಪಾತ್ರೆ ತೊಳೆಯುವಾಗ ಬಳೆ ತಾನಾಗಿ ಜಾರಿ ಸಿಂಕಿಗೆ ಬಿದ್ದು ಅವರೇ ಬೆಚ್ಚಿದರು. ಮನೆಯಿಂದ ಬಸ್‌ಸ್ಟಾಪಿನವರೆಗಿನ ದಾರಿಯಲ್ಲಿ, ಮೊದಲು ನನಗಿಂತ ಮುಂದೆ ಹೋಗುತ್ತಿದ್ದವರು, ಈಗ ಯಾರದೋ ಮನೆಯ ಮೋಟುಗೋಡೆಯ ಮೇಲೆ ಕೂತು ಸುಧಾರಿಸಿಕೊಳ್ಳತೊಡಗಿದರು. ಬಾಯಿ ಮಾತ್ರ ಹಾಗೇ ಒಣಗುತ್ತಿತ್ತು. ಎಪ್ಪತ್ತೊಂದು ವರ್ಷದ ಹೆಂಗಸು ನನ್ನ ಅಡುಗೆಮನೆಯಲ್ಲಿ, ನನ್ನ ಕೈಯಿಂದಲೇ ಮರಸೇಬು ತಿಂದು ತಿಂದು ಕರಗಿಹೋಗುತ್ತಿದ್ದಾರೆ, ಮೈಸೂರಿಗೆ ಹೀಗೇ ವಾಪಸು ಕಳಿಸಿದರೆ ಹೆಸರು ಕೆಡುವುದು ನನ್ನದು ಎಂದು ಭಯವಾಯಿತು. ಮೊದಲು ಬಂದದ್ದು ಅವರ ಬಗೆಗಿನ ಭಯವೋ ನನ್ನ ಹೆಸರಿನ ಭಯವೋ ಎಂದು ದಿನಚರಿಯನ್ನು ಹುಡುಕಿದೆ. ಅಲ್ಲಿ ಹೆಸರೇ ಮೊದಲಿದೆ.

ಗಂಡನಿಗೆ ಹೇಳಿದೆ. ಅವನು ದಿನವಿಡೀ ವಾಲಿದ ಕಟ್ಟಡಗಳನ್ನು ಅಳೆದು ಬರುವವನು. ಮನೆಯಲ್ಲಿ ಏನಾದರೂ ವಾಲಿದೆ ಎಂದರೆ ನಂಬುವುದಿಲ್ಲ.

“ಅಮ್ಮ ಖುಷಿಯಾಗಿದ್ದಾಳೆ, ಬಿಡೇ.”

“ಖುಷಿಯಾಗಿ ಸಣ್ಣಗಾಗ್ತಿದ್ದಾರೆ.”

“ನೀನು ಹೇಳಿದ್ದನ್ನ ಕೇಳಲಿಲ್ಲ, ಆ ಹೆಂಗಸು ಹೇಳಿದ್ದನ್ನ ಕೇಳಿದ್ಲು ಅಂತ ತಾನೆ ನಿನಗೆ?”

ಅದು ಸುಳ್ಳಾಗಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಲ್ಯಾಬಿನಲ್ಲಿ ನನ್ನ ಪಕ್ಕದ ಟೇಬಲಿನವಳು ದಕ್ಷಿಣ ಚೀನಾದಿಂದ ಬಂದವಳು. ಅವಳ ಬಾಯಿಂದಲೇ ಈ ವಿದ್ಯೆಗೆ ಛೀಮಾರಿ ಹಾಕಿಸಬೇಕೆಂದು ಒಂದು ದಿನ, ಹಿಂದಿನ ರಾತ್ರಿ ಉಳಿದ ಮರಸೇಬಿನ ಲೋಳೆಯನ್ನು ಡಬ್ಬಿಯಲ್ಲಿ ಒಯ್ದೆ. ಅವಳು ಮಾಂಸದ ಪೈ ತಿನ್ನುತ್ತಿದ್ದಳು. ಡಬ್ಬಿಯನ್ನು ಮೂಸಿ ಅವಳ ಮುಖವೇ ಅರಳಿತು. ಮನೆಯಲ್ಲಿ ಯಾರಿಗೆ ಕೆಮ್ಮು ಎಂದು ಕೇಳಿದಳು. ಒಣಹವೆಯಲ್ಲಿ ಅವಳ ತಾಯಿಯೂ ಮಾಡುತ್ತಿದ್ದರಂತೆ, ವಾರಕ್ಕೊಂದು ಸಲವೋ ಎರಡು ಸಲವೋ. ದಿನಾ ರಾತ್ರಿ, ಒಂದು ತಿಂಗಳಿನಿಂದ, ಬೇರೆಲ್ಲ ಬಿಟ್ಟು ಎಂದೆ. ಅವಳು ಪೈ ಕೆಳಗಿಟ್ಟಳು. ವಯಸ್ಸೆಷ್ಟು, ಮತ್ತೇನು ತಿನ್ನುತ್ತಾರೆ ಎಂದು ಕೇಳಿ, ಹಾಗಾದರೆ ಅವರಿಗೆ ಹಸಿವಾಗಿದೆ ಎಂದಳು. ನನಗೆ ಬೇಕಾಗಿದ್ದದ್ದು ಛೀಮಾರಿ. ಅವಳು ಕೊಟ್ಟದ್ದು ಅಷ್ಟೇ. ನಾನು ಆ ಮಾತನ್ನು ಬರೆದಿಟ್ಟುಕೊಂಡೆ, ಅದನ್ನು ಹಿಡಿದು ಏನೂ ಮಾಡಲಿಲ್ಲ.

ಫೋಟೊ ಕಳಿಸತೊಡಗಿದ ಐದನೆಯ ವಾರದ ಒಂದು ಬೆಳಗ್ಗೆ ನನಗೆ ಬೇಗ ಲ್ಯಾಬಿಗೆ ಹೋಗಬೇಕಿತ್ತು. ಅತ್ತೆ ಆಗಷ್ಟೇ ಎದ್ದಿದ್ದರು. ಮುಖ ತೊಳೆಯುವ ಮುಂಚೆಯೇ ನಿಲ್ಲಿಸಿ, ಒಂದೇ ನಿಮಿಷ ಎಂದು ಫೋಟೊ ತೆಗೆದು ಕಳಿಸಿ ಹೊರಟೆ. ಹತ್ತು ಗಂಟೆಗೆ ಆಕೆಯ ಉತ್ತರ ಬಂತು, ಸಂಭ್ರಮದ ಉತ್ತರ. ನಾಲಿಗೆಯ ಮೇಲೆ ತೆಳ್ಳಗೆ ಬಿಳಿ ಲೇಪ ಬಂದಿದೆ, ತೇವ ಮರಳಿದೆ, ಅಭಿನಂದನೆಗಳು. ಅತ್ತೆ ಆ ಸಂಜೆ ಮೈಸೂರಿಗೆ ಫೋನು ಮಾಡಿ ತಮ್ಮ ತಂಗಿಗೆ ಹೇಳಿದರು. ಮಾರನೆಯ ದಿನ ಏಳೂವರೆಯ ಫೋಟೊಗೆ ಉತ್ತರ: ಮತ್ತೆ ಬೋಳಾಗಿದೆ. ನಿನ್ನೆ ಏನು ತಿಂದಿರಿ?

ಅತ್ತೆ ತಪ್ಪೊಪ್ಪಿಕೊಂಡರು. ಹಿಂದಿನ ರಾತ್ರಿ, ತೇವ ಮರಳಿದ ಖುಷಿಗೆ, ಒಂದು ಮಾವಿನಮಿಡಿಯನ್ನು ಚೀಪಿದ್ದರಂತೆ. ಅದಕ್ಕೆ ಪ್ರಾಯಶ್ಚಿತ್ತವಾಗಿ ಮೂರು ದಿನ ಬರಿಯ ಗಂಜಿ.

ನನಗೆ ಹೊಳೆದದ್ದು ಅವರು ಆ ಗಂಜಿಯ ಬಟ್ಟಲನ್ನು ಹಿಡಿದು ಕೂತಿದ್ದಾಗ. ಬಚ್ಚಲ ಕನ್ನಡಿಯ ಕೆಳಗೆ ಅವರ ನಾಲಿಗೆ ಉಜ್ಜುವ ಸ್ಟೀಲಿನ ಪಟ್ಟಿ ನೇತಾಡುತ್ತದೆ. ನನ್ನದೂ, ನನ್ನ ಗಂಡನದೂ. ನಮ್ಮ ಕಡೆಯ ಯಾರ ಮನೆಗೆ ಹೋದರೂ ಇರುತ್ತದೆ. ಬೆಳಗ್ಗೆ ಎದ್ದು, ವಾಕರಿಕೆಯ ಸದ್ದು ಪಕ್ಕದ ಮನೆಗೆ ಕೇಳುವ ಹಾಗೆ ನಾಲಿಗೆಯನ್ನು ಉಜ್ಜಿ ಉಜ್ಜಿ ಕೆಂಪಗೆ ಮಾಡಿಕೊಳ್ಳದೆ ನಾವು ಯಾರೂ ದಿನ ಶುರುಮಾಡುವುದಿಲ್ಲ. ಹನ್ನೊಂದು ಜನರೂ ಹಾಗೆ ಉಜ್ಜಿಕೊಂಡೇ ಆಕೆಯ ಮುಂದೆ ನಿಂತಿದ್ದರು. ಆಕೆ ಅವರ ಶುಚಿಯನ್ನು ನೋಡಿ ಬರಗಾಲ ಎಂದಿದ್ದಳು.

ಆ ದಿನದಷ್ಟು ಆನಂದ ನನಗೆ ಆ ವರ್ಷ ಬೇರೆ ಯಾವ ದಿನವೂ ಆಗಲಿಲ್ಲ. ಖಚಿತ ಮಾಡಿಕೊಳ್ಳಬೇಕಲ್ಲ, ನಾನು ಪರೀಕ್ಷೆ ಮಾಡುವವಳು. ಮೂರು ದಿನ ನಾಲಿಗೆ ಉಜ್ಜಲಿಲ್ಲ. ಅಸಹ್ಯವಾಗುತ್ತಿತ್ತು, ಆದರೂ ತಡೆದುಕೊಂಡೆ. ನಾಲ್ಕನೆಯ ಬೆಳಗ್ಗೆ ಒಂದು ಫೋಟೊ ತೆಗೆದು, ಉಜ್ಜಿ, ಹತ್ತು ನಿಮಿಷ ಬಿಟ್ಟು ಇನ್ನೊಂದು ತೆಗೆದೆ. ಒಂದು ನನ್ನದು, ಇನ್ನೊಂದು ನನ್ನ ತಂಗಿಯದು ಎಂದು ಕಳಿಸಿದೆ. ನನಗೆ ತಂಗಿ ಇಲ್ಲ. ನನಗೆ ತೇವ ಹೆಚ್ಚಾಗಿದೆ, ಮರಸೇಬು ಮುಟ್ಟಬಾರದು, ಶುಂಠಿ ತಿನ್ನಬೇಕು ಎಂದು ಬಂತು. ಇಲ್ಲದ ತಂಗಿ ಮಾತ್ರ ಅತ್ತೆಯಷ್ಟೇ ಒಣಗಿಹೋಗಿದ್ದಳು.

ಗುರುವಾರ ರಜೆ ಹಾಕಿ, ಫೋಟೊಗಳನ್ನು ದೊಡ್ಡದಾಗಿ ಪ್ರಿಂಟು ಮಾಡಿಸಿ ಹಾಲಿಗೆ ಹೋದೆ. ಅತ್ತೆಗೆ ಏನೂ ಹೇಳಿರಲಿಲ್ಲ. ಮನೆಯಲ್ಲೇ ಹೇಳಬಹುದಿತ್ತು. ಹೇಳಿದ್ದರೆ ಅವರು ಆ ದಿನವೇ ಗಂಜಿ ನಿಲ್ಲಿಸುತ್ತಿದ್ದರೋ ಏನೋ. ಜನರೆದುರು ಹೇಳಬೇಕೆಂದು ಇನ್ನೂ ನಾಲ್ಕು ದಿನ ನಾನೇ ಗಂಜಿ ಕಾಯಿಸಿಕೊಟ್ಟೆ. ಇದು ದಿನಚರಿಯ ಲೆಕ್ಕ. ನೆನಪಿನಲ್ಲಿ ಎಲ್ಲವೂ ಒಂದೇ ದಿನದಲ್ಲಿ ನಡೆದುಬಿಟ್ಟಿದೆ.

ಬಟ್ಟಲಿನ ನಾದ ಅಡಗಿದ ಮೇಲೆ ಎದ್ದು ನಿಂತು ಚೆನ್ನಾಗಿ ಮಾತಾಡಿದೆ. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ. ಇದು ಒಬ್ಬಳದೇ ನಾಲಿಗೆ, ನಡುವೆ ಹತ್ತು ನಿಮಿಷ ಎಂದು ಎರಡು ಫೋಟೊಗಳನ್ನೂ ಎತ್ತಿ ಹಿಡಿದೆ. ನಮ್ಮವರು ಬೆಳಗ್ಗೆ ಎದ್ದು ಏನು ಮಾಡುತ್ತಾರೆಂದು ಕೇಳದೆಯೇ ಒಂದು ತಿಂಗಳು ಮುದುಕರನ್ನು ಉಪವಾಸ ಕೆಡವಿದಿರಿ ಎಂದೆ.

ಆಕೆ ಸಿಟ್ಟಾಗಲಿಲ್ಲ. ಫೋಟೊಗಳನ್ನು ತೆಗೆದುಕೊಂಡು ಆಸಕ್ತಿಯಿಂದ ನೋಡಿದಳು. ತನ್ನ ಚೀಲದಿಂದ ಇಂಗ್ಲಿಷ್ ಸೂಚನೆಯನ್ನು ತೆಗೆದು ನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟು ನನಗೆ ಕೊಟ್ಟಳು. ನಾಲಿಗೆ ತೋರಿಸುವ ದಿನ ಅದನ್ನು ಉಜ್ಜಬೇಡಿ, ಅದರ ಮೇಲಿನ ಲೇಪವೇ ನಾವು ನೋಡಬೇಕಾದದ್ದು ಎಂದು ಅಲ್ಲಿತ್ತು. ಎಲ್ಲರೂ ಇದನ್ನು ಓದಿದ್ದಾರೆ ಎಂದುಕೊಂಡಿದ್ದೆ ಎಂದಳು.

ಹೆಡ್‌ಮಾಸ್ಟರ್ ಅಂಕಲ್ ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಚಿದ್ದ ಕನ್ನಡದ ಹಾಳೆ ತೆಗೆದು, ಕನ್ನಡಕ ಏರಿಸಿ, ತರಗತಿಯಲ್ಲಿ ಓದುವ ಹಾಗೆ ಓದಿದರು.

“ಇದರಲ್ಲಿ ಇಲ್ವಲ್ಲಮ್ಮ. ಮೂರನೇದು ಬೆಳಕಿನ ವಿಷಯ, ನಾಲ್ಕನೇದು ನೇರವಾಗಿ ಗಂಜಿಗೆ ಹೋಗುತ್ತೆ. ಯಾರು ಮಾಡಿದ್ದು ಇದನ್ನ?”

ಯಾರು ಮಾಡಿದ್ದೆಂದು ಹನ್ನೊಂದು ಜನರಿಗೂ ಗೊತ್ತಿತ್ತು.

ಆ ಸಾಲನ್ನು ನಾನು ಓದಿದ್ದೆನೇ? ನಾಲಿಗೆ ಪಟ್ಟಿಯ ವಿಷಯ ಹೊಳೆದಾಗ ಅದು ನನ್ನದೇ ಸಂಶೋಧನೆ ಎಂದು ಪೂರ್ತಿ ನಂಬಿದ್ದೆ. ಆ ಸಾಲು ಮನಸ್ಸಿನ ಹತ್ತಿರಕ್ಕೂ ಸುಳಿದಿರಲಿಲ್ಲ. ಟೈಪು ಮಾಡುವಾಗ ಕಣ್ತಪ್ಪಿತು ಎಂದೇ ನೆನಪು ಇವತ್ತಿಗೂ ಹೇಳುತ್ತದೆ. ದಿನಚರಿಯಲ್ಲಿ ಅನುವಾದ ಮುಗಿಸಿದ ದಿನ ಹೀಗಿದೆ: ‘ಆ ಹೆಂಗಸಿನ ಕಾಗದ ಮುಗಿಸಿದೆ. ಹಂದಿ, ಬಾತು, ಒಂದೆರಡು ಕೊಳಕು ಸಾಲು ಬಿಟ್ಟೆ.’ ಹಂದಿ, ಬಾತು ಯಾವುವೆಂದು ನನಗೆ ಗೊತ್ತು. ಕೊಳಕು ಸಾಲು ಎಂದರೆ ಬೇರೆ ಯಾವುದಾದರೂ ಇರಬಹುದೇ ಎಂದು ಆ ಇಂಗ್ಲಿಷ್ ಹಾಳೆಯನ್ನು ಎಷ್ಟು ಸಲ ಓದಿದರೂ ಬೇರೆ ಸಿಗಲಿಲ್ಲ.

ಮಾತು ಎತ್ತಿದವರು ಅತ್ತೆ. ಕುರ್ಚಿಯಿಂದ ಏಳದೆ, ಎಲ್ಲರ ಕಡೆ ತಿರುಗಿ ಹೇಳಿದರು.

“ಬರೆದಿದ್ರೆ ಮಾತ್ರ ಏನಾಗ್ತಿತ್ತು? ನಾಲಿಗೆ ಉಜ್ಜದೆ ದೇವರ ಮುಂದೆ ಯಾರು ನಿಲ್ತಿದ್ರಿ, ಕೈ ಎತ್ತಿ ನೋಡೋಣ.”

ಯಾರೂ ಎತ್ತಲಿಲ್ಲ. ಯಾರೋ ನಕ್ಕರು, ಆಮೇಲೆ ಎಲ್ಲರೂ. ಆಕೆಗೆ ಅನುವಾದ ಮಾಡಿ ಹೇಳಿದಾಗ ಆಕೆಯೂ ನಕ್ಕಳು. ನನ್ನ ಮಹಾ ಬಯಲಾಟ ಹೀಗೆ ಎರಡು ನಿಮಿಷದಲ್ಲಿ ಮುಗಿದು ಬಿಸ್ಕತ್ತಿನ ತಟ್ಟೆ ಬಂತು. ನಾಳೆಯಿಂದ ಒಂದು ವಾರ ಉಜ್ಜಬೇಡಿ ಎಂದು ಆಕೆ ಕೇಳಿಕೊಂಡಳು. ಹನ್ನೊಂದು ಜನರೂ ಒಂದೇ ದನಿಯಲ್ಲಿ ಆಗುವುದಿಲ್ಲ ಎಂದರು. ಹಾಗಾದರೆ ನಾಡಿ ಮಾತ್ರ ನೋಡುತ್ತೇನೆ ಎಂದು ಆಕೆ ಮುಂದಿನವರ ಕೈ ಹಿಡಿದುಕೊಂಡಳು. ಸಿದ್ಧಾಂತದ ಒಂದು ಕಾಲು ಮುರಿದಿದ್ದು ಆಕೆಯನ್ನು ಕಿಂಚಿತ್ತೂ ಬಾಧಿಸಿದ ಹಾಗೆ ಕಾಣಲಿಲ್ಲ.

ಕಾರಿನಲ್ಲಿ ಅತ್ತೆ, ರಸ್ತೆ ಅಗೆದಿದ್ದ ಕಡೆ ಕಾಯುತ್ತ ನಿಂತಿದ್ದಾಗ ಕೇಳಿದರು.

“ಬೇಕಂತಲೇ ಬಿಟ್ಯಾ?”

“ಗೊತ್ತಿಲ್ಲ ಅತ್ತೆ.”

“ಹೂಂ.”

ಸ್ವಲ್ಪ ಹೊತ್ತಾದ ಮೇಲೆ ನಾನು, ಅಂಥವಳ ಮಾತು ಕೇಳಿ ಹೀಗೆ ಸೊರಗಿದಿರಲ್ಲ, ಅವಳಲ್ಲಿ ಏನು ಕಂಡಿರಿ ಎಂದು ಕೇಳಿದೆ. ಜಗಳಕ್ಕೆ ಕೇಳಿದ್ದು.

“ಅವಳು ಕೇಳ್ತಾಳೆ ಕಣೇ. ನೀನು ಹೇಳ್ತೀಯ.”

ಅದಕ್ಕೆ ಉತ್ತರವಾಗಿ ಏನೋ ಹೇಳಲು ಬಾಯಿ ತೆರೆದೆ. ಹೇಳಿದರೆ ಅವರ ಮಾತನ್ನೇ ನಿಜ ಮಾಡಿದಂತಾಗುತ್ತದೆ ಎಂದು ಅದನ್ನು ಪ್ರಶ್ನೆಯಾಗಿ ತಿರುಗಿಸಿದೆ. ಒಳ್ಳೆಯತನದಿಂದಲ್ಲ, ಸೋಲಬಾರದೆಂದು. ಬಾಯಿ ಯಾವಾಗಿನಿಂದ ಒಣಗುತ್ತಿದೆ ಎಂದು ಕೇಳಿದೆ.

“ಆ ಹೊಸ ಮಾತ್ರೆ ಶುರುವಾದಾಗಿಂದ.”

ಯಾವ ಹೊಸ ಮಾತ್ರೆ? ಮೈಸೂರಿನಿಂದ ಹೊರಡಲು ಹತ್ತು ದಿನ ಇದ್ದಾಗ ಬಿ.ಪಿ.ಗೆ ಬದಲಾಯಿಸಿ ಕೊಟ್ಟದ್ದಂತೆ. ನನ್ನ ಗಂಡನ ಫೋನಿನ ಪಟ್ಟಿ ಅದಕ್ಕಿಂತ ಹಳೆಯದು. ಅತ್ತೆ ಪರ್ಸಿನಿಂದ ಕುಂಕುಮದ ಪೊಟ್ಟಣದ ಜೊತೆ ಇಟ್ಟಿದ್ದ ಒಂದು ಚೀಟಿ ತೆಗೆದುಕೊಟ್ಟರು.

“ಅವಳಿಗೆ ನಾಡಿ ಹಿಡಿದ ದಿನವೇ ಹೇಳಿದ್ದೆ. ಡಾಕ್ಟರಿಗೆ ತೋರಿಸಿ ಅಂತ ಬರಕೊಟ್ಲು.”

“ಮತ್ತೆ ಯಾಕೆ ತೋರಿಸಲಿಲ್ಲ?”

“ನಾನು ಹೇಗೆ ತೋರಿಸಲಿ? ಡಾಕ್ಟರು ಮಗನ ಹತ್ರ ಮಾತಾಡ್ತಾನೆ, ಮಗ ಫೋನ್ ಹತ್ರ ಮಾತಾಡ್ತಾನೆ.”

ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಅಚ್ಚುಕಟ್ಟಾದ ಅಕ್ಷರ: ಊರಿನಲ್ಲಿ ಮಾತ್ರೆ ಬದಲಾದ ಮೇಲೆ ಬಾಯಿ ಒಣಗುತ್ತಿದೆ ಎನ್ನುತ್ತಾರೆ, ದಯವಿಟ್ಟು ಪರಿಶೀಲಿಸಿ. ಇಷ್ಟು ಗೊತ್ತಿದ್ದೂ ಮರಸೇಬು ತಿನ್ನಿಸಿದಳಲ್ಲ ಎಂದು ನಾನು ಮನೆಗೆ ಬಂದು ಕೂಗಾಡಿದೆ. ಅಷ್ಟು ಸುಲಭವಾಗಿ ಅವಳಿಗೆ ಒಳ್ಳೆಯವಳೆಂಬ ಹೆಸರು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಈಗಲೂ ಇಲ್ಲ.

ಆ ವಾರವೇ ಡಾಕ್ಟರು ಮಾತ್ರೆ ಬದಲಿಸಿದರು. ಈ ಸಲ ಅತ್ತೆಯನ್ನು ಅವರ ಎದುರು ಕೂರಿಸಿ ಅವರಿಂದಲೇ ಹೇಳಿಸಿದೆ, ನಾನು ಬರಿಯ ಅನುವಾದ ಮಾಡಿದೆ, ಒಂದು ಸಾಲನ್ನೂ ಬಿಡದೆ. ಸಾರಿನಪುಡಿಯ ಡಬ್ಬಿಯ ರಬ್ಬರ್ ಬ್ಯಾಂಡು ಹೋಯಿತು. ಫಿಲ್ಟರು ಸೂಟ್‌ಕೇಸಿನಿಂದ ಇಳಿಯಿತು. ಬಾಯಿ ಒಣಗುವುದು ನಿಧಾನವಾಗಿ ಕಡಿಮೆಯಾಯಿತು. ಮಾತ್ರೆಯಿಂದಲೋ, ಒಣಗಾಳಿಯ ಕಾಲ ಮುಗಿದದ್ದರಿಂದಲೋ, ಮರಸೇಬಿನಿಂದಲೋ ಎಂದು ಬೇರೆ ಬೇರೆ ಮಾಡಿ ನೋಡಲು ಯಾವ ಲ್ಯಾಬಿನಲ್ಲೂ ಆಗುವುದಿಲ್ಲ. ಏಕೆಂದರೆ ರಾತ್ರಿಯ ಮರಸೇಬನ್ನು ಅತ್ತೆ ಬಿಡಲಿಲ್ಲ. ಅದೊಂದು ಗಂಟಲಿಗೆ ಹಿತ ಎಂದರು.

ನನ್ನ ಎತ್ತಿಟ್ಟ ಚಾಕು ಇನ್ನೂ ಇತ್ತು. ಹೊರಡುವ ವಾರ, ಅವರು ಆ ಬಿಳಿಯ ಪೊಟ್ಟಣಗಳನ್ನು ಸೀರೆಗಳ ನಡುವೆ ಜೋಡಿಸುತ್ತಿದ್ದಾಗ ತಡೆಯಲಾಗಲಿಲ್ಲ. ಅದು ಅಣಬೆ ಅತ್ತೆ ಎಂದೆ.

“ನೆನೆಹಾಕಿದ ಮೊದಲನೇ ದಿನವೇ ಗೊತ್ತಾಯ್ತು. ವಾಸನೆ ಗೊತ್ತಾಗಲ್ವೇನೇ ನನಗೆ?” ಎಂದು ಇನ್ನೊಂದು ಸೀರೆ ಮಡಚಿದರು. “ಮೈಸೂರಲ್ಲಿ ಯಾರಾದರೂ ಕೇಳಿದ್ರೆ ಮರದಲ್ಲಿ ಬಿಡುತ್ತೆ ಅಂತೀನಿ.”

ಆ ಹೆಂಗಸಿಗೆ ಕಳಿಸಿದ ಆರು ವಾರದ ಫೋಟೊಗಳು ನಲವತ್ತೆರಡು. ನಲವತ್ತಮೂರನೆಯದು ಆಮೇಲಿನದು, ಅವರು ಹೊರಟ ಬೆಳಗಿನದು. ಅದೇ ಅಡುಗೆಮನೆಯ ಕಿಟಕಿ, ಅದೇ ಬೆಳಕು. ಕೆನ್ನೆ ತುಂಬಿದೆ, ಬಳೆ ಜಾರದೆ ಮಣಿಕಟ್ಟಿನಲ್ಲೇ ನಿಂತಿದೆ, ಕೈಯಲ್ಲಿ ಕಾಫಿ ಲೋಟ, ಚಾಚಿದ ನಾಲಿಗೆ ಕಾಫಿಯ ಬಣ್ಣಕ್ಕಿದೆ. ಅದನ್ನು ಯಾರಿಗೂ ಕಳಿಸಿಲ್ಲ. ನಾನು ತೆಗೆಯುತ್ತೇನೆಂದು ಹೇಳಿದೆನೋ, ಅವರೇ ತೆಗೆ ಎಂದರೋ, ದಿನಚರಿಯಲ್ಲಿ ಒಂದಕ್ಷರವಿಲ್ಲ; ಅಲ್ಲಿರುವುದು ವಿಮಾನದ ಹೊತ್ತು ಮಾತ್ರ. ಅವರ ಕಣ್ಣುಗಳನ್ನು ದೊಡ್ಡದು ಮಾಡಿ ನೋಡಿದೆ. ನನ್ನನ್ನು ಅಣಕಿಸುತ್ತಿದ್ದಾರೆ ಎಂದೇ ಅನ್ನಿಸುತ್ತದೆ.